ಗಾಲ್ಫ್ ಮೈದಾನದ ಚಿರತೆಯೂ ನಮ್ಮ ಸಿಟೌಟಿನ ಸೆನ್ಸರೂ

2022ರ ಆಗಸ್ಟ್ ತಿಂಗಳನ್ನು ಬೆಳಗಾವಿಯವರು ಅಷ್ಟು ಸುಲಭಕ್ಕೆ ಮರೆಯಲಿಕ್ಕಿಲ್ಲ. ಆ ತಿಂಗಳ 5ರಂದು, ಶುಕ್ರವಾರ, ನಗರದ ಜಾಧವ ನಗರದಲ್ಲಿ ಕಟ್ಟಡ ಕೆಲಸಕ್ಕೆ ಬಂದಿದ್ದ ಕಾರ್ಮಿಕರೊಬ್ಬರ ಮೇಲೆ ಚಿರತೆ ಎರಗಿತು. ಅವರಿಗೆ ಆದದ್ದು ಸಣ್ಣ ಗಾಯ. ಆದರೆ ಮಗನ ಮೇಲೆ ಚಿರತೆ ಬಿದ್ದಿದೆ ಅನ್ನುವ ಸುದ್ದಿ ಊರಿಗೆ ಮುಟ್ಟಿದಾಗ ಅವರ ತಾಯಿ ಆಘಾತದಿಂದ ತೀರಿಕೊಂಡರು ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಗಾಯಕ್ಕಿಂತ ಸುದ್ದಿಯೇ ಜೋರಾಗಿ ತಾಗಿದ ಪ್ರಸಂಗ ಇದು. ಮುಂದೆ ಹೇಳುವ ಮಾತಿಗೂ ಇದಕ್ಕೂ ಸಂಬಂಧ ಉಂಟು, ಆದ್ದರಿಂದ ನೆನಪಿಟ್ಟುಕೊಳ್ಳಿ.

ಚಿರತೆ ಅಲ್ಲಿಂದ ಹತ್ತಿರದ ಗಾಲ್ಫ್ ಮೈದಾನದ ಪೊದೆಗಳಿಗೆ ನುಗ್ಗಿತು. ಸುತ್ತಮುತ್ತಲಿನ 22 ಶಾಲೆಗಳಿಗೆ ರಜೆ ಕೊಟ್ಟರು. ರಜೆ ಮುಗಿಯಿತು ಅನ್ನುವಷ್ಟರಲ್ಲಿ, 22ನೇ ತಾರೀಕು, ಅದು ರಸ್ತೆ ದಾಟುವುದನ್ನು ಜನ ಕಂಡರು. ಮತ್ತೆ ರಜೆ. ಅರಣ್ಯ ಇಲಾಖೆಯವರು ಬೋನು ಇಟ್ಟರು, ಬಲೆ ತಂದರು, ಡ್ರೋನ್ ಹಾರಿಸಿದರು, ಅರಿವಳಿಕೆ ಕೋವಿ ಹಿಡಿದು ಕಾದರು. ಕೊನೆಗೆ ಶಿವಮೊಗ್ಗದ ಸಕ್ರೆಬೈಲು ಶಿಬಿರದಿಂದ ಆನೆಗಳೂ ಬಂದವು. ಮಳೆಗಾಲ ಬೇರೆ, ಆಳೆತ್ತರ ಬೆಳೆದ ಹುಲ್ಲು. ಇಷ್ಟೆಲ್ಲ ಮಾಡಿದರೂ ಆ ಚಿರತೆ ಸಿಗಲಿಲ್ಲ. ತಿಂಗಳು ಕಳೆದ ಮೇಲೆ ಹುಡುಕಾಟ ತಣ್ಣಗಾಯಿತು, ಶಾಲೆ ತೆರೆಯಿತು.

ಅಷ್ಟು ಜನರ ಕೈ ತಪ್ಪಿಸಿದ ಆ ಪ್ರಾಣಿ ಒಂದರ ಕಣ್ಣಿಗೆ ಬಿತ್ತು. ಮರಕ್ಕೆ ಬೆಲ್ಟ್ ಹಾಕಿ ಕಟ್ಟಿದ, ಟಿಫಿನ್ ಡಬ್ಬಿಯಷ್ಟು ದೊಡ್ಡ ಕ್ಯಾಮೆರಾ ಅದು. ಕ್ಯಾಮೆರಾ ಟ್ರ್ಯಾಪ್ ಅಂತಾರೆ. ಹೆಸರಿಗೆ ಟ್ರ್ಯಾಪ್, ಹಿಡಿಯುವುದು ಫೋಟೊ ಮಾತ್ರ. ಇದರೊಳಗೆ ಕೂತಿರುವ ಕಣ್ಣು ಯಾವುದು ಗೊತ್ತಾ? ಇವತ್ತು ಬಂಟ್ವಾಳದಲ್ಲಿ, ದೇರಳಕಟ್ಟೆಯಲ್ಲಿ, ಕೃಷ್ಣಾಪುರದಲ್ಲಿ ಹೊಸದಾಗಿ ಕಟ್ಟಿದ ಮನೆಗಳ ಸಿಟೌಟಿನಲ್ಲಿ, ಮನುಷ್ಯ ಬಂದಕೂಡಲೇ ತನ್ನಿಂದ ತಾನೇ ಉರಿಯುವ ಲೈಟು ಇರುತ್ತದಲ್ಲ, ಅದರ ಕೆಳಗಿನ ಬಿಳಿ ಪ್ಲಾಸ್ಟಿಕ್ ಬುಗುಟು. ಅದೇ ಇದು. ದಮಾಮಿನಲ್ಲೋ ಜುಬೈಲಿನಲ್ಲೋ ಕೆಲಸಕ್ಕಿರುವ ಮಗ ಊರಿನ ಮನೆಗೆ ಕ್ಯಾಮೆರಾ ಹಾಕಿಸಿರುತ್ತಾನೆ. ಇಲ್ಲಿ ರಾತ್ರಿ ಎರಡು ಗಂಟೆಗೆ ಬೆಕ್ಕು ಅಂಗಳ ದಾಟಿದರೆ ಅಲ್ಲಿ ಹನ್ನೊಂದೂವರೆಗೆ ಅವನ ಮೊಬೈಲು ಟಿಣ್ ಅನ್ನುತ್ತದೆ. ಅವನು ಗಾಬರಿಯಲ್ಲಿ ಉಮ್ಮನಿಗೆ ಫೋನ್ ಮಾಡುತ್ತಾನೆ. ಉಮ್ಮ ಬೆಕ್ಕಿಗೆ ಬೈಯುತ್ತಾರೋ ಮಗನಿಗೋ, ಅದು ಮನೆಯಿಂದ ಮನೆಗೆ ಬೇರೆ.

ಹಾಗಾದರೆ ಆ ಬುಗುಟಿಗೆ ಬೆಕ್ಕು ಕಂಡದ್ದು ಹೇಗೆ? ನಿಜ ಹೇಳಬೇಕೆಂದರೆ ಅದಕ್ಕೆ ಬೆಕ್ಕು ಕಾಣಲೇ ಇಲ್ಲ.

ಕಾವಲಿ ಒಲೆಯ ಮೇಲಿಟ್ಟು, ಅದು ಕಾದಿದೆಯೋ ಇಲ್ಲವೋ ಅಂತ ನೋಡಲು ಮನೆಯ ಹೆಂಗಸರು ಕೈ ತಾಗಿಸುವುದಿಲ್ಲ. ಅಂಗೈಯನ್ನು ನಾಲ್ಕು ಬೆರಳು ಮೇಲೆ ಹಿಡಿಯುತ್ತಾರೆ. ಕಾವು ಅಂಗೈಗೆ ಬಂದು ತಾಗುತ್ತದೆ. ಬಿಸಿಯಾದ ಪ್ರತಿಯೊಂದು ವಸ್ತುವೂ ಹೀಗೆ ಕಣ್ಣಿಗೆ ಕಾಣದ ಒಂದು ಬೆಳಕನ್ನು ಹೊರಗೆ ಬಿಡುತ್ತಾ ಇರುತ್ತದೆ. ಅವಗೆಂಪು ಕಿರಣ, ಇಂಗ್ಲಿಷಿನವರ ಇನ್‌ಫ್ರಾರೆಡ್. ಕಾವಲಿಯದ್ದು ಜೋರು, ಮನುಷ್ಯನದ್ದು, ಬೆಕ್ಕಿನದ್ದು, ಚಿರತೆಯದ್ದು ಸಣ್ಣ ಮಟ್ಟದ್ದು. ನಮ್ಮ ಮೈಯಿಂದ ಹೊರಡುವ ಈ ಅಲೆ ನಮಗೆ ಕಾಣುವ ಕೆಂಪು ಬೆಳಕಿನ ಅಲೆಗಿಂತ ಸುಮಾರು ಹದಿನಾಲ್ಕು ಪಟ್ಟು ಉದ್ದ. ನಮ್ಮ ಕಣ್ಣಿಗೆ ಅದನ್ನು ಹಿಡಿಯಲು ಆಗುವುದಿಲ್ಲ. ಸೆನ್ಸರಿನೊಳಗಿನ ಒಂದು ಜಾತಿಯ ಹರಳಿಗೆ ಆಗುತ್ತದೆ. ಕಾವು ಏರಿದರೆ ಇಳಿದರೆ ಆ ಹರಳಿನಲ್ಲಿ ಚೂರೇ ಚೂರು ವಿದ್ಯುತ್ತು ಹುಟ್ಟುತ್ತದೆ.

ಜಾಣತನ ಇರುವುದು ಇನ್ನೊಂದು ಕಡೆ. ಹರಳು ಒಂದಲ್ಲ, ಅಕ್ಕಪಕ್ಕ ಎರಡು ತುಂಡು. ಎರಡನ್ನೂ ಉಲ್ಟಾ ಜೋಡಿಸಿರುತ್ತಾರೆ. ಬಿಸಿಲೇರಿ ಅಂಗಳ ಪೂರ್ತಿ ಬಿಸಿಯಾದರೆ ಎರಡಕ್ಕೂ ಒಟ್ಟಿಗೇ ಕಾವು ತಾಗುತ್ತದೆ. ಒಂದರ ಲೆಕ್ಕ ಇನ್ನೊಂದು ಹೊಡೆದುಹಾಕುತ್ತದೆ, ಏನೂ ಆಗುವುದಿಲ್ಲ. ಬಿಸಿ ಮೈಯೊಂದು ಅಡ್ಡಲಾಗಿ ನಡೆದುಹೋದರೆ ಮಾತ್ರ ಮೊದಲು ಒಂದು ತುಂಡಿಗೆ, ಆಮೇಲೆ ಇನ್ನೊಂದಕ್ಕೆ ಕಾವು ತಾಗುತ್ತದೆ. ಆಗ ಸಂಕೇತ ಹುಟ್ಟುತ್ತದೆ. ಬುಗುಟಿನ ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಚೌಕುಚೌಕಾದ ಗೀರು ಕಂಡಿರಬಹುದು. ಅದು ಅಂದಕ್ಕೆ ಮಾಡಿದ್ದಲ್ಲ, ಒಂದೊಂದು ಚೌಕವೂ ಒಂದು ಮಸೂರ. ಅಂಗಳವನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಹರಳಿಗೆ ತೋರಿಸುತ್ತದೆ. ಹಾಗಾಗಿ ಪಟ್ಟಿಯಿಂದ ಪಟ್ಟಿಗೆ ದಾಟುವ ಯಾವ ಬಿಸಿಯೂ ತಪ್ಪಿಸಿಕೊಳ್ಳುವುದು ಕಷ್ಟ. ಸುಮ್ಮನೆ ನಿಂತದ್ದು ಕಾಣುವುದಿಲ್ಲ, ಬೆಕ್ಕೋ ಕಳ್ಳನೋ ಅಂತಲೂ ತಿಳಿಯುವುದಿಲ್ಲ. ಸುತ್ತಲಿಗಿಂತ ಬೇರೆ ಬಿಸಿಯದ್ದೇನೋ ಅಲ್ಲಾಡಿತು ಅಂತ ಹೇಳುವಲ್ಲಿಗೆ ಅದರ ಕೆಲಸ ಮುಗಿಯಿತು. ಇದು ತಾನಾಗಿ ಏನನ್ನೂ ಹೊರಗೆ ಬಿಡುವುದಿಲ್ಲ, ಬಂದ ಕಾವನ್ನು ಹಿಡಿಯುವುದಷ್ಟೇ. ಹಾಗಾಗಿ ಕರೆಂಟು ಖರ್ಚು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಕಾಡಿನ ಕ್ಯಾಮೆರಾ ಎಂಟು ಹತ್ತು ಸಣ್ಣ ಸೆಲ್ಲಿನಲ್ಲಿ ವಾರಗಟ್ಟಲೆ ಕಾಯುವುದು ಇದೇ ಕಾರಣಕ್ಕೆ. ಕ್ಯಾಮೆರಾ ನಿದ್ದೆಯಲ್ಲಿರುತ್ತದೆ, ಹರಳು ತಟ್ಟಿದಾಗ ಎದ್ದು ಫೋಟೊ ಹೊಡೆದು ಮತ್ತೆ ಮಲಗುತ್ತದೆ.

ಇಷ್ಟು ತಿಳಿದರೆ ಮನೆಯ ಸೆನ್ಸರಿನ ಅರ್ಧ ತಲೆನೋವು ಹೋಯಿತು. ಗೇಟಿನಿಂದ ನೇರ ಸೆನ್ಸರಿನ ಮುಖಕ್ಕೇ ನಡೆದು ಬಂದರೆ ಅದು ತಡವಾಗಿ ಎಚ್ಚರವಾಗುತ್ತದೆ, ಯಾಕೆಂದರೆ ಪಟ್ಟಿ ದಾಟುವುದೇ ಇಲ್ಲ. ನಡೆಯುವ ದಾರಿ ಅದರ ಎದುರು ಅಡ್ಡ ಹಾಯುವಂತೆ ಇಡಬೇಕು. ಏಸಿಯ ಹೊರಗಿನ ಪೆಟ್ಟಿಗೆಯ ಕಡೆಗೆ, ಬಚ್ಚಲ ಒಲೆಯ ಹೊಗೆಗೂಡಿನ ಕಡೆಗೆ ಮುಖ ಮಾಡಿ ಇಟ್ಟರೆ ಸುಮ್ಮಸುಮ್ಮನೆ ಕೂಗುತ್ತದೆ. ಕಿಟಕಿಯ ಗಾಜಿನ ಒಳಗಿಟ್ಟು ಹೊರಗಿನ ಅಂಗಳ ಕಾಯಲು ಬಿಟ್ಟವರಿದ್ದಾರೆ. ಗಾಜು ಆ ಕಾವಿನ ಅಲೆಯನ್ನು ಒಳಗೆ ಬಿಡುವುದಿಲ್ಲ, ಅಲ್ಲಿಗೆ ದುಡ್ಡು ದಂಡ. ನಮ್ಮ ಕರಾವಳಿಯ ಏಪ್ರಿಲ್, ಮೇಯಲ್ಲಿ ಇನ್ನೊಂದು ಫಜೀತಿ: ನೆಲ, ಗೋಡೆ, ಗಾಳಿ ಎಲ್ಲ ಮನುಷ್ಯನ ಮೈಯಷ್ಟೇ ಬಿಸಿಯಾದಾಗ ವ್ಯತ್ಯಾಸವೇ ಸಿಗದೆ ಸೆನ್ಸರು ಮಂಕಾಗುತ್ತದೆ. ಬೆಳಗಾವಿಯಂಥ ತಂಪು ಊರಿನ ಮಳೆಗಾಲದಲ್ಲಿ ಈ ತೊಂದರೆ ಕಡಿಮೆ. ಆದರೆ ಅಲ್ಲಿ ಮಸೂರದ ಮೇಲೆ ನೀರು ಕೂರುತ್ತದೆ, ಪ್ರಾಣಿಯ ರೋಮ ಒದ್ದೆಯಾಗಿ ಮೈಯ ಕಾವು ಹೊರಗೆ ಕಾಣುವುದು ಕಡಿಮೆಯಾಗುತ್ತದೆ. ಹುಲ್ಲು ಓಲಾಡುವಾಗ ಬಿಸಿಲು ಬಿದ್ದರೆ ಹುಲ್ಲಿಗೂ ಫೋಟೊ.

ಪೇಟೆಯಲ್ಲಿ ಮೈಕ್ರೋವೇವ್ ಸೆನ್ಸರ್, ರಾಡಾರ್ ಸೆನ್ಸರ್ ಅಂತ ಇನ್ನೊಂದು ಜಾತಿ ಸಿಗುತ್ತದೆ. ಅದು ಕಾವು ನೋಡುವುದಿಲ್ಲ. ತಾನೇ ಅಲೆ ಬಿಟ್ಟು, ಅದು ಏನಕ್ಕಾದರೂ ತಾಗಿ ವಾಪಸ್ ಬಂದದ್ದರಲ್ಲಿ ಬದಲಾವಣೆ ಉಂಟಾ ಅಂತ ನೋಡುತ್ತದೆ. ತೆಳು ಹಲಗೆ, ಪ್ಲಾಸ್ಟಿಕ್ ದಾಟಿಯೂ ಅದಕ್ಕೆ ಕಾಣುತ್ತದೆ. ಹಾಗಾಗಿ ಪಕ್ಕದ ಕೋಣೆಯಲ್ಲಿ ಮಗು ಓಡಿದರೂ ಇಲ್ಲಿ ಲೈಟು ಉರಿಯಬಹುದು. ಬಾವಲಿಯ ವಿದ್ಯೆ ಇದು. ಬಾವಲಿಯದ್ದು ಶಬ್ದದ ಅಲೆ, ಇದರದ್ದು ರೇಡಿಯೊ ಅಲೆ, ಅಷ್ಟೇ ಬೇರೆ. ಬಾವಲಿ ಅಂದಾಗ ಖಾನಾಪುರದ ಹೆಸರು ಬರಲೇಬೇಕು. ಆ ತಾಲೂಕಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ಸ್ ಫ್ರೀ ಟೇಲ್ಡ್ ಅನ್ನುವ ಅಪರೂಪದ ಬಾವಲಿ ಇದೆ. 1913ರಲ್ಲಿ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟರು. ಆಮೇಲೆ ಎಂಟು ದಶಕಕ್ಕೂ ಹೆಚ್ಚು ಕಾಲ ಇಡೀ ಜಗತ್ತಿನಲ್ಲಿ ಅದು ಇನ್ನೆಲ್ಲೂ ಕಂಡಿರಲಿಲ್ಲ.

ಆ ಗುಹೆಗಳಿರುವುದು ಭೀಮಗಡ ವನ್ಯಧಾಮದ ಕಾಡಿನಲ್ಲಿ. 2011ರ ಡಿಸೆಂಬರಿನಲ್ಲಿ ಘೋಷಣೆಯಾದ, 190 ಚದರ ಕಿ.ಮೀ. ಚಿಲ್ಲರೆಯ ಕಾಡು ಇದು. ಬೆಳಗಾವಿಯಿಂದ ಜಾಂಬೋಟಿ ಮೇಲೆ ಗೋವಾಕ್ಕೆ ಹೋದವರಿಗೆ ಆ ದಟ್ಟ ಹಸಿರು ಗೊತ್ತಿರುತ್ತದೆ. ಮಹದಾಯಿ ಹುಟ್ಟುವುದು ಅಲ್ಲೇ. ಪಶ್ಚಿಮಕ್ಕೆ ಗೋವಾದ ಮಹದಾಯಿ ಅಭಯಾರಣ್ಯ, ದಕ್ಷಿಣಕ್ಕೆ ದಾಂಡೇಲಿಯ ಕಾಳಿ ಹುಲಿ ಕಾಡು. ಹುಲಿ, ಚಿರತೆ, ಆನೆ, ಕಾಟಿ, ಕರಡಿಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ, ಮೂರೂ ಕಡೆ ಓಡಾಡುತ್ತವೆ. ಅವುಗಳ ಲೆಕ್ಕ ಹಿಡಿಯಲು ಕಾಡಿನ ದಾರಿಯಲ್ಲಿ ಕ್ಯಾಮೆರಾ ಕಟ್ಟುತ್ತಾರೆ. ಒಂದಲ್ಲ, ದಾರಿಯ ಆಚೆ ಈಚೆ ಎರಡು, ಮೊಣಕಾಲಿನ ಎತ್ತರಕ್ಕೆ. ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿಗೆ ಇರುವುದಿಲ್ಲ. ಒಂದರ ಪಟ್ಟೆ ಇನ್ನೊಂದಕ್ಕೂ ಇರುವುದಿಲ್ಲ, ನಮ್ಮ ಹೆಬ್ಬೆರಳ ಗುರುತಿನ ಹಾಗೆ. ಎರಡೂ ಬದಿಯ ಫೋಟೊ ಸಿಕ್ಕರೆ ಇದು ಅದೇ ಹುಲಿ, ಇದು ಬೇರೆ ಅಂತ ಎಣಿಸಬಹುದು.

ಈ ಎಣಿಕೆಗೆ ಕನ್ನಡ ನಾಡಿನ ಋಣ ದೊಡ್ಡದು. 1920ರ ದಶಕದಲ್ಲಿ ಎಫ್.ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಉತ್ತರ ಭಾರತದ ಕಾಡಿನಲ್ಲಿ ತಂತಿ ಕಟ್ಟಿ, ಹುಲಿ ಅದನ್ನು ಎಡವಿದಾಗ ತಾನಾಗಿ ಫೋಟೊ ಬೀಳುವಂತೆ ಮಾಡಿದ್ದರು. ಅದು ಚಿತ್ರಕ್ಕಾಯಿತು, ಲೆಕ್ಕಕ್ಕೆ ಬರಲಿಲ್ಲ. ಕ್ಯಾಮೆರಾದಿಂದ ಹುಲಿಯ ಸಂಖ್ಯೆಯನ್ನು ಗಣಿತ ಹಾಕಿ ಅಂದಾಜು ಮಾಡಬಹುದು ಅಂತ ತೋರಿಸಿಕೊಟ್ಟವರು ನಾಗರಹೊಳೆಯಲ್ಲಿ ಕೆಲಸ ಮಾಡಿದ ಡಾ. ಉಲ್ಲಾಸ ಕಾರಂತ, ನಮ್ಮ ಪುತ್ತೂರಿನ ಶಿವರಾಮ ಕಾರಂತರ ಮಗ. ಅವರ ಪ್ರಬಂಧ ಬಂದದ್ದು 1995ರಲ್ಲಿ. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟು, 3 ಕೋಟಿ 48 ಲಕ್ಷಕ್ಕೂ ಮಿಕ್ಕಿ ಚಿತ್ರ ತೆಗೆದು, ಗಿನ್ನೆಸ್ ದಾಖಲೆಯಾಯಿತು. ಅಷ್ಟರಲ್ಲಿ ಹುಲಿಯದ್ದು 76,651. ಉಳಿದದ್ದು ಬೇರೆ ಪ್ರಾಣಿ, ದನ, ಮನುಷ್ಯರು, ಗಾಳಿಗೆ ಅಲ್ಲಾಡಿದ ಎಲೆ.

ಮನುಷ್ಯರು ಅಂದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಕಂಡರೆ ಸಾಕೇ?

ಖಾನಾಪುರದ ಗಡಿಯಿಂದ ಆಚೆ, ಗೋವಾದ ಸತ್ತರಿ ತಾಲೂಕಿನ ಗೊಳಾವಳಿಯಲ್ಲಿ 2020ರ ಜನವರಿಯಲ್ಲಿ ನಾಲ್ಕು ಹುಲಿಗಳು ಸತ್ತು ಬಿದ್ದದ್ದು ಸಿಕ್ಕಿತು. ಒಂದು ತಾಯಿ, ಮೂರು ಮರಿ. ಹುಲಿ ಕೊಂದ ದನದ ಮೈಗೆ ಯಾರೋ ವಿಷ ಸವರಿದ್ದರು. ಕಾಡಂಚಿನಲ್ಲಿ ದನ ಸಾಕಿ ಬದುಕುವವರು ಬಂಧನಕ್ಕೊಳಗಾದರು. ಹುಲಿಗಳು ಅಲ್ಲಿ ಓಡಾಡುವುದು ಇಲಾಖೆಗೆ ಗೊತ್ತಿರದ ಸಂಗತಿ ಏನಲ್ಲ. ಗೊತ್ತಿದ್ದದ್ದು ದನದ ಯಜಮಾನನಿಗೆ ಹೊತ್ತಿಗೆ ಸರಿಯಾಗಿ ತಲುಪಿ, ದನ ಹೋದ ಮೇಲೆ ಪರಿಹಾರವೂ ಅಷ್ಟೇ ಬೇಗ ತಲುಪುವಂತಿದ್ದರೆ ವಿಷದ ಬಾಟಲಿ ಹೊರಗೆ ಬರುತ್ತಿರಲಿಲ್ಲ ಅಂತ ನನ್ನ ಲೆಕ್ಕ. ವಿಷ ಹಾಕಿದ್ದನ್ನು ಸರಿ ಅನ್ನುತ್ತಿಲ್ಲ. ಬಡವನ ಹಟ್ಟಿಯಲ್ಲಿ ಒಂದು ಹಾಲು ಕೊಡುವ ಹಸು ಅಂದರೆ ಏನು ಅಂತ ಗೊತ್ತಿದ್ದವರಿಗೆ ಈ ಮಾತು ಅರ್ಥವಾದೀತು.

ಇಲ್ಲೇ ವೈರ್‌ಲೆಸ್ ಅನ್ನುವ ಮಾತು ಬರುವುದು. ಕಾಡಿನಲ್ಲಿ ಕಟ್ಟುವ ಮಾಮೂಲಿ ಕ್ಯಾಮೆರಾ ತೆಗೆದ ಚಿತ್ರ ಅದರ ಹೊಟ್ಟೆಯ ಮೆಮೊರಿ ಕಾರ್ಡಿನಲ್ಲೇ ಇರುತ್ತದೆ. ವಾಚರೊಬ್ಬರು ನಡೆದುಹೋಗಿ ಕಾರ್ಡು ಬಿಚ್ಚಿ ತಂದು ಕಂಪ್ಯೂಟರಿಗೆ ಹಾಕಿದಾಗಲೇ ಹುಲಿ ಬಂದಿತ್ತು ಅಂತ ತಿಳಿಯುವುದು. ಅಷ್ಟು ಹೊತ್ತಿಗೆ ಹುಲಿ ಕಾಳಿ ನದಿ ದಾಟಿರಬಹುದು. ಎಣಿಕೆಗೆ ಇದು ಸಾಕು, ಎಚ್ಚರಿಕೆಗೆ ಸಾಲದು. ಎಚ್ಚರಿಕೆ ಬೇಕಾದರೆ ಆ ಕ್ಷಣವೇ ಸುದ್ದಿ ಹೊರಡಬೇಕು. ಅದಕ್ಕೆ ಸಿಮ್ ಹಾಕಿದ ಕ್ಯಾಮೆರಾ ಬಂದಿವೆ. ಚಿತ್ರದಲ್ಲಿರುವುದು ಹುಲಿಯೋ ದನವೋ ಅಂತ ಒಳಗೇ ಗುರುತಿಸಿ, ಬೇಕಾದ್ದನ್ನು ಮಾತ್ರ ಕಳಿಸುವ ಜಾತಿಯೂ ಬಂದಿದೆ. ಮೊಬೈಲ್ ಟವರ್ ಇಲ್ಲದ ಕಡೆಗೆ ಲೋರಾ ಅಂತ ಇನ್ನೊಂದು ಪದ್ಧತಿ ಉಂಟು. ನಮ್ಮ ದೇಶದಲ್ಲಿ 865 ಮೆಗಾಹರ್ಟ್ಸ್‌ನಿಂದ ಮೇಲಿನ ಒಂದು ಸಣ್ಣ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದ್ದಾರೆ. ಅದರಲ್ಲಿ ಸಣ್ಣ ಸೆಲ್ಲಿನಿಂದಲೇ ಕಿಲೋಮೀಟರುಗಟ್ಟಲೆ ಸುದ್ದಿ ಕಳಿಸಬಹುದು. ಸುದ್ದಿ ಅಂದರೆ ಫೋಟೊ ಅಲ್ಲ, "ಇಂಥ ಕಂಬದ ಹತ್ತಿರ ಏನೋ ದಾಟಿತು" ಅನ್ನುವಷ್ಟು. ಬಯಲಿನಲ್ಲಿ ದೂರ ಹೋಗುವ ಈ ಅಲೆ ಗುಡ್ಡ, ದಟ್ಟ ಮರ, ಒದ್ದೆ ಎಲೆ ಬಂದಾಗ ಬೇಗ ಸೋಲುತ್ತದೆ. ಹಾಗಾಗಿ ಗುಡ್ಡದ ನೆತ್ತಿಯಲ್ಲಿ ನಡುನಡುವೆ ಕಂಬ ನಿಲ್ಲಿಸಬೇಕು, ಅದಕ್ಕೆ ಸೌರ ಫಲಕ ಬೇಕು, ಮಳೆಗಾಲದ ನಾಲ್ಕು ತಿಂಗಳು ಬಿಸಿಲೇ ಇಲ್ಲದಿದ್ದರೆ ಬ್ಯಾಟರಿ ದೊಡ್ಡದು ಬೇಕು.

ಖಾನಾಪುರದ ಕಾಡೊಳಗಿನ ಅಮಗಾಂವ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು. 2024ರ ಜುಲೈಯಲ್ಲಿ ಅಲ್ಲಿ ಹುಷಾರು ತಪ್ಪಿದ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆಯ ಸ್ಟ್ರೆಚರ್ ಕಟ್ಟಿ ಮಳೆಯಲ್ಲಿ ಕಿಲೋಮೀಟರುಗಟ್ಟಲೆ ಹೆಗಲ ಮೇಲೆ ಹೊತ್ತು ಆಂಬುಲೆನ್ಸ್ ಬರುವ ರಸ್ತೆಗೆ ತಂದರು. ರಸ್ತೆ, ಸೇತುವೆ, ಮೊಬೈಲ್ ಸಿಗ್ನಲ್ ಅಂತ ಈ ಊರುಗಳು ಕೇಳುತ್ತಿರುವುದು ಇವತ್ತು ನಿನ್ನೆಯದ್ದಲ್ಲ. ವನ್ಯಧಾಮದ ಕಾನೂನು ಒಂದು ಕಡೆ, ಜನರ ಜೀವ ಇನ್ನೊಂದು ಕಡೆ. 2025ರಲ್ಲಿ ತಳೇವಾಡಿಯ ಕುಟುಂಬಗಳು ಪರಿಹಾರ ತೆಗೆದುಕೊಂಡು ಕಾಡು ಬಿಟ್ಟು ಹೊರಗೆ ಬರಲು ಒಪ್ಪಿದವು. ಉಳಿದ ಊರುಗಳು ಅಲ್ಲೇ ಇವೆ. ಹುಲಿ ದಾಟಿದ ಸುದ್ದಿ ಹೊರಡಲು ಯಾವ ಸಿಗ್ನಲ್ ಬೇಕೋ ಹೆರಿಗೆ ನೋವು ಬಂದವಳ ಮನೆಯವರು ಫೋನ್ ಮಾಡಲಿಕ್ಕೂ ಅದೇ ಸಿಗ್ನಲ್ ಬೇಕು. ಕಂಬ ನಿಲ್ಲಿಸುವುದಾದರೆ ಒಂದೇ ಕಂಬದಲ್ಲಿ ಎರಡೂ ಆಗಲಿ ಅಂತ ಆ ಊರವರು ಕೇಳಿದರೆ ಅದರಲ್ಲಿ ತಪ್ಪೇನು?

ಸುದ್ದಿ ಜನರಿಗೆ ತಲುಪಿಸಿ ಜೀವ ಉಳಿಸಿದ ಉದಾಹರಣೆ ದೂರ ಹುಡುಕಬೇಕಾಗಿಲ್ಲ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಆನೆ ತುಳಿತಕ್ಕೆ ಸತ್ತವರಲ್ಲಿ ಹೆಚ್ಚಿನವರಿಗೆ ಆನೆ ಹತ್ತಿರ ಇದೆ ಅಂತಲೇ ಗೊತ್ತಿರಲಿಲ್ಲ. ಸಂಜೆ ಪೇಟೆಯಿಂದ ಬಸ್ಸಿಳಿದು ಲೈನ್ ಮನೆಗೆ ನಡೆಯುವಾಗ ಎದುರು ಸಿಕ್ಕಿದ್ದು. ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಆನಂದ ಕುಮಾರ್ ಮತ್ತು ಅವರ ತಂಡ ಅಲ್ಲಿ ಮಾಡಿದ್ದು ಬಹಳ ಸರಳ. ಆನೆ ಕಂಡ ಕೂಡಲೇ ತೋಟದವರ ಮೊಬೈಲಿಗೆ ಸಂದೇಶ, ಲೋಕಲ್ ಕೇಬಲ್ ಟಿವಿಯ ಅಡಿಯಲ್ಲಿ ಸಾಲು, ಎತ್ತರದ ಜಾಗಗಳಲ್ಲಿ ಕೆಂಪು ದೀಪ. ದೀಪ ಉರಿಯಿತು ಅಂದರೆ ಒಂದು ಕಿಲೋಮೀಟರಿನ ಒಳಗೆ ಆನೆ ಇದೆ ಅಂತ ಅರ್ಥ. ಆ ದೀಪವನ್ನು ಫೋನ್ ಮಾಡಿಯೇ ಉರಿಸಬಹುದು. ಸಾವು ಕಡಿಮೆಯಾಯಿತು. ಈ ಕೆಲಸಕ್ಕೆ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಹಾಸನದ ಆಲೂರು, ಸಕಲೇಶಪುರದ ಕಡೆಗೂ ಸಂದೇಶ, ಫಲಕ, ಆನೆಗೆ ರೇಡಿಯೊ ಕಾಲರ್ ಅಂತ ಈ ಪದ್ಧತಿ ಬಂತು. ನೋಡಿ, ಇಲ್ಲಿ ಆನೆಯನ್ನು ಕಂಡದ್ದು ಎಷ್ಟೋ ಸಲ ಮನುಷ್ಯನ ಕಣ್ಣೇ, ಸೆನ್ಸರ್ ಅಲ್ಲ. ಗೆದ್ದದ್ದು ಕಂಡವನಿಂದ ದಾರಿಯಲ್ಲಿರುವವನಿಗೆ ಸುದ್ದಿ ದಾಟಿಸುವ ಏರ್ಪಾಡು.

ನಮ್ಮ ಕಡಬದ ರೆಂಜಿಲಾಡಿಯಲ್ಲಿ 2023ರ ಫೆಬ್ರವರಿ 20ರ ಬೆಳಿಗ್ಗೆ ಹಾಲಿನ ಸೊಸೈಟಿಯ ಕೆಲಸಕ್ಕೆ ನಡೆದು ಹೊರಟ ಯುವತಿಯನ್ನೂ ಅವಳನ್ನು ಉಳಿಸಲು ಓಡಿದ ನೆರೆಯವರನ್ನೂ ಆನೆ ಕೊಂದದ್ದು ಓದುಗರಿಗೆ ನೆನಪಿರಬಹುದು. ಸುಬ್ರಹ್ಮಣ್ಯ, ಸುಳ್ಯ, ಬೆಳ್ತಂಗಡಿಯ ಕಾಡಂಚಿನಲ್ಲಿ ಮುಂಜಾನೆ ಮಸೀದಿಗೆ, ಮದ್ರಸಕ್ಕೆ, ರಬ್ಬರ್ ಟ್ಯಾಪಿಂಗಿಗೆ ಕತ್ತಲಲ್ಲೇ ಹೊರಡುವವರು ನಮ್ಮಲ್ಲೂ ಎಷ್ಟೋ ಮಂದಿ. ಆನೆ ಯಾವ ಗುಡ್ಡದಲ್ಲಿದೆ ಅಂತ ಹಿಂದಿನ ರಾತ್ರಿಯೇ ಫೋನಿಗೆ ಬಂದರೆ ಅರ್ಧ ಗಂಟೆ ತಡ ಮಾಡಿ ಹೊರಡಬಹುದು. ಆ ಅರ್ಧ ಗಂಟೆಯ ಬೆಲೆ ಒಂದು ಜೀವ.

ರೈಲಿನ ವಿಷಯವೂ ಇದೇ. ಖಾನಾಪುರ ತಾಲೂಕಿನ ಲೋಂಡಾದಿಂದ ಕ್ಯಾಸಲ್‌ರಾಕ್ ಮೇಲೆ ಗೋವಾಕ್ಕೆ ಇಳಿಯುವ ಹಳಿ ಇಡೀ ಕಾಡಿನೊಳಗೇ ಹೋಗುತ್ತದೆ. ಈಶಾನ್ಯ ಗಡಿ ರೈಲ್ವೆ ವಲಯದಲ್ಲಿ ಹಳಿಯ ಪಕ್ಕದ ನೆಲದಲ್ಲಿ ಈಗಾಗಲೇ ಹೂತಿರುವ ಫೈಬರ್ ಕೇಬಲನ್ನೇ ಸೆನ್ಸರ್ ಮಾಡಿಕೊಂಡಿದ್ದಾರೆ. ಆನೆಯ ಹೆಜ್ಜೆಗೆ ನೆಲ ನಡುಗುತ್ತದೆ, ಕೇಬಲಿನೊಳಗಿನ ಬೆಳಕು ಚೂರು ಬದಲಾಗುತ್ತದೆ, ಸ್ಟೇಶನ್ನಿಗೆ ಮತ್ತು ಲೋಕೊ ಪೈಲಟಿಗೆ ಸುದ್ದಿ ಹೋಗುತ್ತದೆ. ಗಜರಾಜ್ ಅಂತ ಹೆಸರು. 2023ರಲ್ಲಿ 181 ಕೋಟಿ ರೂಪಾಯಿಯಲ್ಲಿ 700 ಕಿ.ಮೀ. ಹಳಿಗೆ ಇದನ್ನು ಹಾಕುವುದಾಗಿ ರೈಲ್ವೆ ಹೇಳಿತ್ತು. ಕೊಯಮತ್ತೂರು ಹತ್ತಿರದ ಮದುಕ್ಕರೈಯಲ್ಲಿ 2024ರ ಫೆಬ್ರವರಿಯಿಂದ ಕಾವು ನೋಡುವ ಕ್ಯಾಮೆರಾ ಗೋಪುರಗಳೇ ಹಳಿ ಕಾಯುತ್ತಿವೆ.

ಕಾಣಬಾರದ್ದು ಕಂಡಾಗ

ಈಗ ಆಗಲೇ ಬಿಟ್ಟ ಮಾತಿಗೆ ಬರುತ್ತೇನೆ. ಸೆನ್ಸರಿಗೆ ಚಿರತೆಯೂ ಒಂದೇ, ಸೌದೆಗೆ ಬಂದ ಹೆಂಗಸೂ ಒಂದೇ. ಎರಡೂ ಬಿಸಿ ಮೈ, ಎರಡೂ ನಡೆಯುತ್ತವೆ.

ಉತ್ತರಾಖಂಡದ ಕಾರ್ಬೆಟ್ ಹುಲಿ ಕಾಡಿನ ಸುತ್ತಲಿನ ಊರುಗಳಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ತ್ರಿಶಾಂತ್ ಸಿಮ್ಲಾಯ್ ಎಂಬ ಸಂಶೋಧಕರು 14 ತಿಂಗಳು ಇದ್ದು 270 ಮಂದಿಯನ್ನು ಮಾತಾಡಿಸಿದರು. 2024ರ ನವೆಂಬರಿನಲ್ಲಿ ಅವರ ವರದಿ ಬಂತು. ಅಲ್ಲಿಯ ಹೆಂಗಸರು ಸೌದೆ, ಹುಲ್ಲು ತರಲು ಕಾಡಿಗೆ ಹೋಗುವವರು. ಮನೆಯ ಜಗಳ, ಕುಡುಕ ಗಂಡನ ಕಾಟದಿಂದ ಎರಡು ತಾಸು ಬಿಡುಗಡೆಯ ಜಾಗವೂ ಅವರಿಗೆ ಅದೇ ಕಾಡು. ಜೋರಾಗಿ ಹಾಡುತ್ತಾ ಮಾತಾಡುತ್ತಾ ಹೋಗುತ್ತಾರೆ. ಹಾಡು ಖುಷಿಗೂ ಹೌದು, ಹುಲಿ ದೂರ ಹೋಗಲಿ ಅಂತಲೂ ಹೌದು. ಕ್ಯಾಮೆರಾ ಬಂದ ಮೇಲೆ ಹಾಡು ನಿಂತಿತು. ಯಾರೋ ನೋಡುತ್ತಾರೆ, ಕೇಳುತ್ತಾರೆ ಅನ್ನುವ ಸಂಕೋಚ. ಬಹಿರ್ದೆಸೆಗೆ ಕೂತ ಬಡ ಹೆಂಗಸೊಬ್ಬಳ ಚಿತ್ರ ಕ್ಯಾಮೆರಾದಲ್ಲಿ ಸಿಕ್ಕಿ, ಅದು ಊರಿನ ಮೊಬೈಲುಗಳಲ್ಲಿ ಹರಿದಾಡಿತು. ಊರವರು ಸಿಟ್ಟಿನಲ್ಲಿ ಕ್ಯಾಮೆರಾಗಳನ್ನು ಒಡೆದುಹಾಕಿದರು. ಕ್ಯಾಮೆರಾ ತಪ್ಪಿಸಲು ಕೆಲವರು ಗೊತ್ತಿಲ್ಲದ ದಾರಿ ಹಿಡಿದು ಇನ್ನೂ ಒಳಗಿನ ಕಾಡಿಗೆ ಹೋಗತೊಡಗಿದರು. ಹುಲಿ ಇರುವ ಕಾಡು ಅದು. ಸಂಶೋಧಕರು ಮಾತಾಡಿಸಿದ್ದ ಒಬ್ಬಾಕೆ ಆಮೇಲೆ ಹುಲಿಯ ಬಾಯಿಗೆ ಸಿಕ್ಕಿ ಸತ್ತಳು.

ಜೀವ ಕಾಯಲು ಇಟ್ಟದ್ದು ಮಾನಕ್ಕೆ ಬಂದದ್ದು ಹೀಗೆ. ಖಾನಾಪುರದ ಕಾಡೊಳಗಿನ ಹೆಂಗಸರೂ ಸೌದೆಗೆ, ನೀರಿಗೆ ಅದೇ ದಾರಿಯಲ್ಲಿ ನಡೆಯುವವರು. ಕ್ಯಾಮೆರಾ ಎಲ್ಲೆಲ್ಲಿದೆ ಅಂತ ಊರಿನ ಹೆಂಗಸರಿಗೆ ಮೊದಲೇ ಹೇಳುವುದು, ಮನುಷ್ಯರ ಚಿತ್ರ ಬಂದರೆ ಅಲ್ಲೇ ಅಳಿಸುವುದು, ಕಾರ್ಡು ಯಾರ ಕೈಯಲ್ಲಿ ಇರುತ್ತದೆ ಅನ್ನುವುದಕ್ಕೆ ಲೆಕ್ಕ ಇಡುವುದು ದೊಡ್ಡ ಖರ್ಚಿನ ಕೆಲಸ ಅಲ್ಲ.

ನಮ್ಮ ಮನೆಗಳಿಗೆ ಬರೋಣ. ಕಳ್ಳರ ಭಯ ಸುಳ್ಳಲ್ಲ. ಗಂಡಸರು ಗಲ್ಫಿನಲ್ಲಿ, ಮನೆಯಲ್ಲಿ ವಯಸ್ಸಾದ ಉಮ್ಮ, ಸೊಸೆ, ಮಕ್ಕಳು. ಕ್ಯಾಮೆರಾ ಹಾಕಿಸುವುದು ಬೇಡ ಅನ್ನಲು ನಾನು ಯಾರು? ಆದರೆ ಅದು ಯಾರ ಕಡೆಗೆ ನೋಡುತ್ತಿದೆ? ಐದೋ ಹತ್ತೋ ಸೆಂಟ್ಸಿನಲ್ಲಿ ಒತ್ತಿಒತ್ತಿ ಕಟ್ಟಿದ ಮನೆಗಳು. ನಮ್ಮ ಗೇಟು ಕಾಯುವ ಕ್ಯಾಮೆರಾದಲ್ಲಿ ಪಕ್ಕದ ಮನೆಯ ಬಾವಿಕಟ್ಟೆ, ಬಟ್ಟೆ ಒಣಹಾಕುವ ಅಂಗಳ, ಹಿಂಬಾಗಿಲು ಪೂರ್ತಿ ಕಾಣುತ್ತದೆ. ಆಚೆಮನೆಯ ಹೆಂಗಸರು ತಲೆಗೆ ಬಟ್ಟೆ ಇಲ್ಲದೆ ಹಿತ್ತಲಿಗೆ ಇಳಿಯುವಂತಿಲ್ಲ. ಅವರು ಇಳಿದಾಗಲೆಲ್ಲ ಸಾವಿರಾರು ಮೈಲು ದೂರದ ಒಬ್ಬ ಪರ ಗಂಡಸಿನ ಮೊಬೈಲು ಟಿಣ್ ಅನ್ನುತ್ತದೆ. ಅವನು ನೋಡದೇ ಇರಬಹುದು, ಒಳ್ಳೆಯವನೇ ಇರಬಹುದು. ಅವರಿಗೆ ಅದು ಗೊತ್ತಾಗುವುದು ಹೇಗೆ? ಇನ್ನೊಬ್ಬರ ಮನೆ ಹೊಗುವ ಮೊದಲು ಒಪ್ಪಿಗೆ ಕೇಳಿ ಸಲಾಂ ಹೇಳಬೇಕು ಅಂತ ಸೂರತ್ ಅನ್ನೂರಿನಲ್ಲಿ, ಪರರ ಗುಟ್ಟು ಕೆದಕಬಾರದು ಅಂತ ಹುಜುರಾತಿನಲ್ಲಿ ಇರುವುದನ್ನು ಮದ್ರಸದ ಮಕ್ಕಳೂ ಕಲಿಯುತ್ತಾರೆ. ಕಣ್ಣು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದಾದರೂ ಹೊಗುವುದು ಹೊಗುವುದೇ.

ಕಾನೂನೂ ಈ ಕಡೆಗೇ ಬಂದಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕೋಲ್ಕತ್ತಾದಲ್ಲಿ ಒಂದೇ ಮನೆಯಲ್ಲಿದ್ದ ಅಣ್ಣತಮ್ಮಂದಿರ ತಕರಾರಿನಲ್ಲಿ, ಜೊತೆಗಿರುವವರ ಒಪ್ಪಿಗೆ ಇಲ್ಲದೆ ಮನೆಯೊಳಗೆ ಸಿಸಿಟಿವಿ ಇಡುವಂತಿಲ್ಲ ಅಂತ ಅಲ್ಲಿನ ಹೈಕೋರ್ಟು 2025ರಲ್ಲಿ ಹೇಳಿತು, ಸುಪ್ರೀಂ ಕೋರ್ಟು ಅದನ್ನು ಬದಲಿಸಲಿಲ್ಲ. ಒಂದೇ ಸೂರಿನಡಿ ಮೂರು ನಾಲ್ಕು ಸಂಸಾರ ಇರುವ ನಮ್ಮ ತರವಾಡು ಮನೆಗಳವರು ಇದನ್ನು ಓದಿಟ್ಟುಕೊಳ್ಳುವುದು ಒಳ್ಳೆಯದು. ಒಬ್ಬರ ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆದು ಹಂಚಿದರೆ ಐಟಿ ಕಾಯ್ದೆಯ 66ಇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು.

ಪರಿಹಾರ ಸಣ್ಣದು. ಇವತ್ತಿನ ಬಹುತೇಕ ವೈಫೈ ಕ್ಯಾಮೆರಾಗಳ ಆ್ಯಪಿನಲ್ಲಿ, ಚಿತ್ರದ ಯಾವ ಭಾಗದಲ್ಲಿ ಅಲ್ಲಾಡಿದರೆ ಕೂಗಬೇಕು, ಯಾವ ಭಾಗವನ್ನು ಕಪ್ಪು ಮಾಡಿ ಮುಚ್ಚಬೇಕು ಅಂತ ಬೆರಳಲ್ಲಿ ಗೆರೆ ಎಳೆಯಲು ಬರುತ್ತದೆ. ಫಿಟ್ ಮಾಡಲು ಬಂದ ಹುಡುಗನಿಗೆ ಏಣಿ ಇಳಿಯುವ ಮೊದಲು ಇದನ್ನು ಮಾಡಿಕೊಡಲು ಹೇಳಿ. ಅವನೇ ಇಟ್ಟ ಪಾಸ್‌ವರ್ಡ್ ಅವತ್ತೇ ಬದಲಿಸಿ, ಇಲ್ಲಾಂದ್ರೆ ನಿಮ್ಮ ಅಂಗಳ ಅವನ ಮೊಬೈಲಿನಲ್ಲೂ ಕಾಣುತ್ತಿರಬಹುದು. ಆಮೇಲೆ ಪಕ್ಕದ ಮನೆಯವರನ್ನು ಒಮ್ಮೆ ಕರೆದು, "ನೋಡಿ, ನಿಮ್ಮ ಕಡೆಯದ್ದು ಇದರಲ್ಲಿ ಬರುವುದಿಲ್ಲ" ಅಂತ ಪರದೆ ತೋರಿಸಿ.